ಮಗುವಿನ ದೊಡ್ಡ ಕಾಯಿಲೆ, ಕೊಡಗಿನ ಬಡ ಕುಟುಂಬ: ಯಾವ ಆಸ್ಪತ್ರೆಗೆ ಹೋಗಬೇಕು, ಯಾವ ನೆರವನ್ನು ಮೊದಲು ಕೇಳಬೇಕು

ಕಾಫಿ ತೋಟದ ಲೈನ್ ಮನೆಯಲ್ಲೋ, ಹಾಡಿಯಲ್ಲೋ, ಕುಶಾಲನಗರದಂಥ ಪಟ್ಟಣದ ಬಾಡಿಗೆ ಕೋಣೆಯಲ್ಲೋ ದಿನಗೂಲಿಯಿಂದ ಬದುಕುವ ಕುಟುಂಬದ ಮಗುವಿಗೆ ಹೃದಯದಲ್ಲಿ ರಂಧ್ರವಿದೆ ಅಥವಾ ರಕ್ತದ ಕ್ಯಾನ್ಸರ್ ಇದೆ ಎಂದು ವೈದ್ಯರು ಹೇಳಿದ ದಿನ ಆ ಮನೆಯವರ ಬಾಯಿಂದ ಬರುವ ಮೊದಲ ಪ್ರಶ್ನೆ, ಎಷ್ಟು ಹಣ ಬೇಕು ಎಂಬುದು. ಅದರ ಬೆನ್ನಲ್ಲೇ ತಾಯಿಯ ಕಿವಿಯೋಲೆ ಅಡವಿನ ಅಂಗಡಿ ಸೇರುತ್ತದೆ, ತಂದೆ ತೋಟದ ಮಾಲೀಕರ ಮುಂದೆ ಮುಂಗಡಕ್ಕೆ ನಿಲ್ಲುತ್ತಾನೆ, ಸಂಬಂಧಿಕರ ಮೊಬೈಲಿನಲ್ಲಿ ಮಗುವಿನ ಫೋಟೋ ಹರಿದಾಡಲು ತೊಡಗುತ್ತದೆ. ಇಷ್ಟೆಲ್ಲ ಆಗುವ ಹೊತ್ತಿಗೆ, ಅದೇ ಚಿಕಿತ್ಸೆಯನ್ನು ನಗದು ಕಟ್ಟದೆ ಪಡೆಯಬಹುದಾಗಿದ್ದ ದಾರಿ ಎಷ್ಟೋ ಸಲ ಮುಚ್ಚಿಹೋಗಿರುತ್ತದೆ.

ಕುಟುಂಬದ ಮೇಲೆ ಬೀಳುವ ಹೊರೆಯನ್ನು ಕಾಯಿಲೆಯಷ್ಟೇ ಬಲವಾಗಿ ನಿರ್ಧರಿಸುವುದು, ಮೊದಲ ಸಲ ಯಾವ ಆಸ್ಪತ್ರೆಗೆ, ಯಾವ ಕಾಗದಗಳೊಂದಿಗೆ, ಯಾವ ಹೆಸರಿನಲ್ಲಿ ದಾಖಲಾದರು ಎಂಬ ಸಂಗತಿ. ಆದ್ದರಿಂದ ಆಸ್ಪತ್ರೆಯ ಆಯ್ಕೆ ಮತ್ತು ಹಣದ ಆಯ್ಕೆಯನ್ನು ಬೇರೆ ಬೇರೆಯಾಗಿ ನೋಡದೆ ಒಟ್ಟಿಗೇ ತೂಗಿ ನೋಡಬೇಕು. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ನಿಲ್ಲದ ರಕ್ತಸ್ರಾವ ಮುಂತಾದ ತುರ್ತಿನಲ್ಲಿ ಮಾತ್ರ ಈ ಯಾವ ಲೆಕ್ಕವನ್ನೂ ಹಾಕದೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು. ಇಲ್ಲಿ ಹೇಳುತ್ತಿರುವುದೆಲ್ಲ, ಯೋಚಿಸಲು ಎರಡು ಮೂರು ದಿನವಾದರೂ ಇರುವ ಸಂದರ್ಭಕ್ಕೆ.

ಕಾಯಿಲೆ ಎಂಥದು ಎಂಬುದನ್ನು ನೋಡಿ ಊರನ್ನು ಆರಿಸಬೇಕು

ಕೊಡಗಿನಲ್ಲಿ ರೈಲು ಇಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140, ಬೆಂಗಳೂರು ಸುಮಾರು 260. ವಿರಾಜಪೇಟೆಯ ಕಡೆಯವರಿಗೆ ಮಾಕುಟ್ಟದ ಘಾಟಿ ಇಳಿದರೆ ಕಣ್ಣೂರು ಇವೆಲ್ಲಕ್ಕಿಂತ ಹತ್ತಿರ. ಈ ದೂರಗಳನ್ನು ಕಾಯಿಲೆಯ ಸ್ವಭಾವದ ಜೊತೆಗಿಟ್ಟು ನೋಡದೆ, "ದೊಡ್ಡ ಆಸ್ಪತ್ರೆ ಬೆಂಗಳೂರಿನಲ್ಲಿದೆ, ಅಲ್ಲಿಗೇ ಹೋಗೋಣ" ಎಂದು ಹೊರಟವರು ಎರಡನೆಯ ತಿಂಗಳಿಗೇ ಸೋತು ಊರಿಗೆ ಮರಳುವುದುಂಟು.

ಹೃದಯದ ರಂಧ್ರವನ್ನು ಮೊದಲು ತೆಗೆದುಕೊಳ್ಳೋಣ. ಸಣ್ಣ ರಂಧ್ರಗಳಲ್ಲಿ ಕೆಲವು ಮಗು ಬೆಳೆದಂತೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಕೆಲವಕ್ಕೆ ಎದೆ ತೆರೆಯದೆ ರಕ್ತನಾಳದ ಮೂಲಕ ಮುಚ್ಚಳ ಕೂರಿಸಿದರೆ ಸಾಕಾಗುತ್ತದೆ, ಉಳಿದವಕ್ಕೆ ಶಸ್ತ್ರಚಿಕಿತ್ಸೆ ಬೇಕು. ಆದರೆ ಬಹುತೇಕ ಸಂದರ್ಭಗಳಲ್ಲಿ ದೊಡ್ಡ ಚಿಕಿತ್ಸೆ ಒಂದೇ ಸಲ, ಆಮೇಲೆ ಉಳಿಯುವುದು ಆಗಾಗಿನ ತಪಾಸಣೆ. ಹೀಗಿರುವಾಗ ದೂರ ಅಷ್ಟೊಂದು ಭಾರವಾಗುವುದಿಲ್ಲ. ಅನುಭವವಿರುವ ಕೇಂದ್ರವೇ ಮುಖ್ಯ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ ಸ್ವಾಯತ್ತ ಸಂಸ್ಥೆ, ಅದರ ಶಾಖೆ ಮೈಸೂರಿನಲ್ಲೂ ಇದೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2001ರಿಂದ ನಡೆಯುತ್ತಿರುವ ಶ್ರೀ ಸತ್ಯಸಾಯಿ ಉನ್ನತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ ರೋಗಿಗೆ ಬಿಲ್ಲೇ ಇರುವುದಿಲ್ಲ. ಇವೆರಡರ ನಡುವಿನ ವ್ಯತ್ಯಾಸ ತಿಳಿದಿರಬೇಕು: ಜಯದೇವದಲ್ಲಿ, ಮುಂದೆ ವಿವರಿಸುವ ಸರ್ಕಾರಿ ಆರೋಗ್ಯ ಕಾರ್ಡಿನ ಕೆಲಸ ಮುಗಿಸಿಕೊಂಡು ಹೋಗಬೇಕು, ಸತ್ಯಸಾಯಿಯಲ್ಲಿ ಕಾರ್ಡಿಗಿಂತ ಸರದಿಯೇ ದೊಡ್ಡದು. "ಆರು ತಿಂಗಳು ಕಾಯಬಹುದು" ಎಂದು ಮಗುವಿನ ವೈದ್ಯರು ಹೇಳಿದ್ದರೆ ಸರದಿ ಹಿಡಿಯಬಹುದು. ಮಗು ಹಾಲು ಕುಡಿಯುವಾಗಲೇ ಬೆವರುತ್ತಿದ್ದರೆ, ತೂಕ ಏರದಿದ್ದರೆ, ತುಟಿ ನೀಲಿಗಟ್ಟುತ್ತಿದ್ದರೆ ಸರದಿಯನ್ನು ನಂಬಿ ಕೂರಬಾರದು. ಎಷ್ಟು ದಿನ ಕಾಯಬಹುದು ಎಂಬ ಪ್ರಶ್ನೆಯನ್ನು ವೈದ್ಯರ ಬಳಿ ನೇರವಾಗಿ ಕೇಳಿ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದಿನ ಆಸ್ಪತ್ರೆಯವರಿಗೂ ಆ ಬರಹವೇ ಆಧಾರ.

ರಕ್ತದ ಕ್ಯಾನ್ಸರಿನ ಲೆಕ್ಕವೇ ಬೇರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಚಿಕಿತ್ಸೆ ಪೂರ್ತಿಯಾದರೆ ಬಹುಪಾಲು ಮಕ್ಕಳಲ್ಲಿ ವಾಸಿಯಾಗಬಲ್ಲ ಕಾಯಿಲೆ; ಈ ಮಾತನ್ನು ತಂದೆತಾಯಿಗೆ ಎಷ್ಟು ಸಲ ಹೇಳಿದರೂ ಸಾಲದು, ಕ್ಯಾನ್ಸರ್ ಎಂಬ ಹೆಸರು ಕೇಳಿದೊಡನೆ ಮಗುವಿನ ಆಸೆಯನ್ನೇ ಬಿಡುವವರು ಇಂದಿಗೂ ಇದ್ದಾರೆ. ಆದರೆ ಆ ಚಿಕಿತ್ಸೆ ಎರಡರಿಂದ ಮೂರು ವರ್ಷದ್ದು. ಮೊದಲ ತಿಂಗಳುಗಳಲ್ಲಿ ಆಸ್ಪತ್ರೆಯಲ್ಲೇ ಅಥವಾ ಅದರ ಪಕ್ಕದಲ್ಲೇ ಇರಬೇಕಾಗುತ್ತದೆ, ಆಮೇಲೆ ದೀರ್ಘಕಾಲ ಮನೆಯಲ್ಲೇ ಮಾತ್ರೆ, ನಡುನಡುವೆ ರಕ್ತಪರೀಕ್ಷೆ. ರಕ್ತಕಣಗಳು ಕಡಿಮೆಯಾಗಿರುವ ದಿನಗಳಲ್ಲಿ ಜ್ವರ ಬಂದರೆ ಅದೇ ತುರ್ತು ಸ್ಥಿತಿ, ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ. ಹೀಗಾಗಿ ಇಲ್ಲಿ ಆಸ್ಪತ್ರೆಯ ಹೆಸರಿನಷ್ಟೇ ದಾರಿಯೂ ಮುಖ್ಯವಾಗುತ್ತದೆ. 2018ರ ಆಗಸ್ಟ್ ಮಳೆಗೆ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಮಂಗಳೂರಿನ ಸಂಪರ್ಕ ಕಡಿದುಹೋದದ್ದನ್ನು ಇಲ್ಲಿನವರು ಮರೆತಿಲ್ಲ. ಆಷಾಢದಲ್ಲಿ ಘಾಟಿ ಇಳಿಯಲೇಬೇಕಾದ ಚಿಕಿತ್ಸೆಯನ್ನು ಆರಿಸುವ ಮುನ್ನ ಬದಲಿ ದಾರಿಯನ್ನು ಯೋಚಿಸಿರಬೇಕು.

ನನ್ನ ಅಭಿಪ್ರಾಯವನ್ನು ಹೇಳುವುದಾದರೆ, ರಕ್ತದ ಕ್ಯಾನ್ಸರಿಗೆ ರೋಗನಿರ್ಣಯ ಮತ್ತು ಆರಂಭದ ಚಿಕಿತ್ಸೆಯನ್ನು ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಸಂಸ್ಥೆಯಲ್ಲಿ ಮಾಡಿಸಿ, ಮಾತ್ರೆಯ ಹಂತಕ್ಕೆ ಬಂದಮೇಲೆ ರಕ್ತಪರೀಕ್ಷೆಯನ್ನೂ ಜ್ವರದ ಆರೈಕೆಯನ್ನೂ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ಪಡೆಯಲು ಸಾಧ್ಯವೇ ಎಂದು ಕಿದ್ವಾಯಿಯ ವೈದ್ಯರನ್ನೇ ಕೇಳಿ ಪತ್ರ ಬರೆಸಿಕೊಳ್ಳುವುದು ಬಡ ಕುಟುಂಬಕ್ಕೆ ಹೆಚ್ಚು ತಾಳಿಕೆಯ ಏರ್ಪಾಡು. ವಿರಾಜಪೇಟೆ ತಾಲ್ಲೂಕಿನವರು ತಲಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರನ್ನೂ ತೂಗಿ ನೋಡಬಹುದು, ಆದರೆ ಅದು ಕೇರಳದ ಸಂಸ್ಥೆಯಾದ್ದರಿಂದ ತಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಬೇಕು.

ಇನ್ನು ಸಿಕಲ್ ಸೆಲ್ ರಕ್ತಹೀನತೆ, ಅಂದರೆ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ಕಾಯಿಲೆ. ಬುಡಕಟ್ಟು ಸಮುದಾಯಗಳ ಮಕ್ಕಳಲ್ಲಿ ಪದೇ ಪದೇ ಕೈಕಾಲು ನೋವು, ಕಾಮಾಲೆ, ಬಿಳಿಚಿಕೊಳ್ಳುವಿಕೆ ಕಂಡರೆ ಈ ಪರೀಕ್ಷೆಯನ್ನು ಮಾಡಿಸಲೇಬೇಕು. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಡಿ ಇದು ಉಚಿತ. ಇದಕ್ಕೆ ಒಂದೇ ಸಲದ ದೊಡ್ಡ ಖರ್ಚಿಗಿಂತ ಜೀವನಪೂರ್ತಿ ಮಾತ್ರೆ ಮತ್ತು ಕೆಲವೊಮ್ಮೆ ರಕ್ತ ಬೇಕಾಗುವುದರಿಂದ ದೂರದ ಖಾಸಗಿ ಆಸ್ಪತ್ರೆಗಿಂತ ಹತ್ತಿರದ ಸರ್ಕಾರಿ ಆಸ್ಪತ್ರೆಯೇ ಸರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಿಕಲ್ ಸೆಲ್, ಥಲಸ್ಸೇಮಿಯಾ, ಹಿಮೋಫಿಲಿಯಾಗಳನ್ನು ಅಂಗವೈಕಲ್ಯವೆಂದು ಗುರುತಿಸಿರುವುದರಿಂದ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೂ ಅರ್ಜಿ ಹಾಕಬೇಕು.

ಕಾರ್ಡು, ರೆಫರಲ್ ಚೀಟಿ ಮತ್ತು ದಾಖಲಾತಿಯ ಕೌಂಟರ್

ಬಿಪಿಎಲ್ ಕುಟುಂಬಕ್ಕೆ ಇರುವ ಅತಿ ದೊಡ್ಡ ಆಸರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ವರ್ಷಕ್ಕೆ ಇಡೀ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದರಲ್ಲಿದೆ. ಎಪಿಎಲ್ ಕುಟುಂಬಕ್ಕೆ, ಆ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ಪ್ಯಾಕೇಜ್ ದರದ ಶೇಕಡ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಹೀಗಾಗಿ ಪಡಿತರ ಚೀಟಿ ಯಾವ ಬಗೆಯದು ಎಂಬ ಒಂದೇ ಸಂಗತಿ ಲಕ್ಷಗಳ ವ್ಯತ್ಯಾಸವನ್ನು ಮಾಡಬಲ್ಲದು. ಕೂಲಿ ಮಾಡುವ ಕುಟುಂಬದ ಕೈಯಲ್ಲಿ ಏನೋ ಕಾರಣಕ್ಕೆ ಎಪಿಎಲ್ ಚೀಟಿ ಇದ್ದರೆ, ಅಥವಾ ಚೀಟಿಯೇ ಇಲ್ಲದಿದ್ದರೆ, ಆಸ್ಪತ್ರೆಯ ವರದಿಯೊಂದಿಗೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ ತುರ್ತು ವೈದ್ಯಕೀಯ ಕಾರಣವನ್ನು ತೋರಿಸಿ ಕೇಳಬೇಕು.

ಚೀಟಿ ಇದ್ದೂ ತೊಡಕಾಗುವುದು ಹೇಗೆಂದು ಹತ್ತಿರದಿಂದ ನೋಡಿದವರಿಗೆ ಗೊತ್ತು. ತಾಯಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಹೃದಯದ ಎಕೋ ಪರೀಕ್ಷೆಯ ವರದಿ, ಮಳೆಗೆ ಅಂಚು ಮೆತ್ತಗಾದ ಜೆರಾಕ್ಸ್ ಪ್ರತಿಗಳು, ತಾಯಿ ಕಾರ್ಡು, ನಾಲ್ಕಾಗಿ ಮಡಿಸಿದ ಪಡಿತರ ಚೀಟಿ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರ ಆ ಚೀಟಿಯನ್ನು ಬಿಡಿಸಿ ನೋಡಿ, "ಅಕ್ಕಾ, ಇದರಲ್ಲಿ ನಿಮ್ಮ ಹೆಸರಿದೆ, ಯಜಮಾನರದಿದೆ, ದೊಡ್ಡವಳದಿದೆ. ಈ ಮಗುವಿನ ಹೆಸರೆಲ್ಲಿ?" ಎಂದು ಕೇಳುತ್ತಾರೆ. ಮಗು ಹುಟ್ಟಿ ಮೂರು ವರ್ಷವಾಗಿದ್ದರೂ ಹೆಸರು ಸೇರಿಸಿರುವುದಿಲ್ಲ, ಸೇರಿಸಲು ಬೇಕಾದ ಆಧಾರ್ ಆಗಿರುವುದಿಲ್ಲ. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚು ಇಲ್ಲದೆಯೇ ಬಾಲ ಆಧಾರ್ ಸಿಗುತ್ತದೆ; ಮಗು ಆರೋಗ್ಯವಾಗಿರುವಾಗಲೇ ಆಧಾರ್ ಮಾಡಿಸಿ, ಪಡಿತರ ಚೀಟಿಗೆ ಹೆಸರು ಸೇರಿಸಿ, ಗ್ರಾಮ ಒನ್ ಕೇಂದ್ರದಲ್ಲಿ ಆರೋಗ್ಯ ಕಾರ್ಡ್ ಮಾಡಿಸಿಟ್ಟರೆ ಈ ಅಲೆದಾಟ ತಪ್ಪುತ್ತದೆ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮತ್ತು ಅನ್ವಯವಾಗುವವರು ಜಾತಿ ಪ್ರಮಾಣಪತ್ರವನ್ನೂ ಅದೇ ಓಡಾಟದಲ್ಲಿ ಮಾಡಿಸಿಕೊಳ್ಳಬಹುದು, ಮುಂದೆ ಹೇಳುವ ಬಹುತೇಕ ನೆರವುಗಳಿಗೆ ಅವೇ ಬೇಕು.

ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಮೂಲಕ ಹೋಗುವುದಕ್ಕೂ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗುವುದಕ್ಕೂ ಇರುವ ವ್ಯತ್ಯಾಸ ಇಷ್ಟು: ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ರೆಫರಲ್ ಇಲ್ಲದೆ ಹೋಗಬಹುದು, ಉಳಿದ ಸಂಕೀರ್ಣ ಚಿಕಿತ್ಸೆಗಳಿಗೆ, ಆ ಸೌಲಭ್ಯ ತಮ್ಮಲ್ಲಿಲ್ಲವೆಂದು ಸರ್ಕಾರಿ ಆಸ್ಪತ್ರೆ ಬರೆದುಕೊಟ್ಟ ರೆಫರಲ್ ಬೇಕು. ನಂತರ ನೋಂದಾಯಿತ ಆಸ್ಪತ್ರೆ, ಈ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಪೂರ್ವಾನುಮತಿ ಪಡೆದು ಚಿಕಿತ್ಸೆ ಆರಂಭಿಸುತ್ತದೆ. ಈ ಕ್ರಮ ಬಿಟ್ಟು "ಮೊದಲು ಅಡ್ವಾನ್ಸ್ ಕಟ್ಟಿ, ಕಾರ್ಡು ಆಮೇಲೆ ನೋಡೋಣ" ಎಂಬ ಮಾತಿಗೆ ಒಪ್ಪಿ ನಗದು ರೋಗಿಯಾಗಿ ದಾಖಲಾದರೆ ಕಟ್ಟಿದ ಹಣ ಹಿಂದಿರುಗುವ ಭರವಸೆ ಇಲ್ಲ. ದಾಖಲಾತಿ ಕೌಂಟರಿಗೆ ಹೋಗುವ ಮುನ್ನ ಆರೋಗ್ಯಮಿತ್ರರ ಮೇಜು ಎಲ್ಲಿದೆ ಎಂದು ಕೇಳಿ ಅಲ್ಲಿಗೆ ಹೋಗಬೇಕು. ಅನುಮತಿ ದೊರೆತ ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ಆಸ್ಪತ್ರೆ ಬೇರೆ ಹಣ ಕೇಳಿದರೆ 104 ಅಥವಾ 14555ಕ್ಕೆ ಕರೆ ಮಾಡಿ ದೂರು ಕೊಡಬಹುದು. ದೂರು ಕೊಟ್ಟರೆ ಮಗುವನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲವೇನೋ ಎಂಬ ಭಯ ತಂದೆತಾಯಿಗೆ ಇದ್ದೇ ಇರುತ್ತದೆ, ಆದ್ದರಿಂದ ಕರೆ ಮಾಡುವ ಕೆಲಸವನ್ನು ಆಶಾ ಕಾರ್ಯಕರ್ತೆಯೋ ಶಾಲೆಯ ಶಿಕ್ಷಕರೋ ವಹಿಸಿಕೊಂಡರೆ ಅದು ದೊಡ್ಡ ಉಪಕಾರ.

ಅಸ್ಸಾಮಿನಿಂದ ಬಂದು ತೋಟಗಳಲ್ಲಿ ನೆಲೆಸಿರುವ ಕುಟುಂಬಗಳು ತಮಗೆ ಇಲ್ಲಿ ಏನೂ ಸಿಗದೆಂದು ತಿಳಿದಿರುತ್ತವೆ. ತಮ್ಮ ರಾಜ್ಯದಲ್ಲಿ ಮಾಡಿಸಿದ ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಕರ್ನಾಟಕದ ನೋಂದಾಯಿತ ಆಸ್ಪತ್ರೆಗಳಲ್ಲೂ ನಡೆಯುತ್ತದೆ ಎಂಬುದನ್ನು ತೋಟದ ಲೆಕ್ಕ ಬರೆಯುವ ರೈಟರುಗಳು ಅವರಿಗೆ ಹೇಳಬೇಕು.

ಕಾರ್ಡಿನ ಜೊತೆಗೆ ಮಕ್ಕಳಿಗೆಂದೇ ಇರುವ ಇನ್ನೊಂದು ಬಾಗಿಲು, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುವ ತಪಾಸಣಾ ತಂಡ ಇದರದೇ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹೃದಯದ ರಂಧ್ರ, ಸೀಳುತುಟಿ, ತಿರುಚಿದ ಪಾದ, ಹುಟ್ಟು ಕಿವುಡು ಮುಂತಾದವನ್ನು ಗುರುತಿಸಿ ಶಸ್ತ್ರಚಿಕಿತ್ಸೆಯವರೆಗೂ ಉಚಿತವಾಗಿ ಕೊಂಡೊಯ್ಯುವ ವ್ಯವಸ್ಥೆ ಇದು. ಹುಟ್ಟಿನಿಂದ ಬಂದ ತೊಂದರೆಗಳಿಗೆ ನಾನು ಮೊದಲು ಸೂಚಿಸುವ ದಾರಿ ಇದೇ, ಏಕೆಂದರೆ ಇಲ್ಲಿ ಕಾಗದಪತ್ರದ ಓಡಾಟದಲ್ಲಿ ತಂಡದ ವೈದ್ಯರೂ ಜೊತೆಗಿರುತ್ತಾರೆ. ಕ್ಯಾನ್ಸರಿನಂಥ ಕಾಯಿಲೆಗೆ ಮಾತ್ರ ನೇರವಾಗಿ ಕಾರ್ಡಿನ ದಾರಿಯನ್ನೇ ಹಿಡಿಯಬೇಕು.

ಉಳಿದ ಯೋಜನೆಗಳು ಮತ್ತು ಪರಿಹಾರ ನಿಧಿಗಳು

ಯಶಸ್ವಿನಿ ಯೋಜನೆ 2023ರಿಂದ ಮತ್ತೆ ಜಾರಿಯಲ್ಲಿದೆ. ಸಹಕಾರ ಸಂಘದ ಸದಸ್ಯರಾದ ಗ್ರಾಮೀಣ ಕುಟುಂಬ ನಾಲ್ವರಿಗೆ 500 ರೂಪಾಯಿ ಕಟ್ಟಿ 5 ಲಕ್ಷದವರೆಗಿನ ಚಿಕಿತ್ಸೆಗೆ ಅರ್ಹವಾಗುತ್ತದೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಆದರೆ ನೋಂದಣಿಗೆ ನಿಗದಿಯಾದ ಅವಧಿಯಿರುವುದರಿಂದ ಕಾಯಿಲೆ ಗೊತ್ತಾದ ಮರುದಿನ ಇದರ ಆಸರೆ ಸಿಗುವುದಿಲ್ಲ. ಎಪಿಎಲ್ ಚೀಟಿಯ ಸಣ್ಣ ಹಿಡುವಳಿದಾರರಿಗೆ ಇದು ನಿಜಕ್ಕೂ ಬೆಲೆಬಾಳುವ ಯೋಜನೆ. ತಂದೆ ಅಥವಾ ತಾಯಿ ಗಾರೆ ಕೆಲಸಕ್ಕೂ ಹೋಗುವವರಾಗಿದ್ದು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಅವಲಂಬಿತರ ದೊಡ್ಡ ಕಾಯಿಲೆಗೂ ಮಂಡಳಿಯ ವೈದ್ಯಕೀಯ ನೆರವುಂಟು. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಬೇಕು. ಜೇನುಕುರುಬ, ಯರವ ಮುಂತಾದ ಬುಡಕಟ್ಟು ಕುಟುಂಬಗಳು ಮಡಿಕೇರಿಯ ಗಿರಿಜನ ಅಭಿವೃದ್ಧಿ ಯೋಜನಾ ಕಚೇರಿಗೆ ಅರ್ಜಿ ಕೊಡುವುದನ್ನು ಮರೆಯಬಾರದು.

ಮುಖ್ಯಮಂತ್ರಿಗಳ ಪರಿಹಾರ ನಿಧಿ ಮತ್ತು ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ, ಎರಡರಲ್ಲೂ ಸಿಗುವುದು ಖರ್ಚಿನ ಒಂದಂಶ. ಮೊದಲನೆಯದಕ್ಕೆ ಕ್ಷೇತ್ರದ ಶಾಸಕರ, ಅಂದರೆ ಮಡಿಕೇರಿ ಅಥವಾ ವಿರಾಜಪೇಟೆ ಶಾಸಕರ ಪತ್ರ ಅನುಕೂಲ. ಎರಡನೆಯದಕ್ಕೆ ಮೈಸೂರು–ಕೊಡಗು ಸಂಸದರ ಕಚೇರಿಯ ಮೂಲಕ ಹೋಗುವುದು ರೂಢಿ. ಅದು ಈಗಾಗಲೇ ಮಾಡಿದ ಖರ್ಚನ್ನು ತುಂಬಿಕೊಡುವುದಿಲ್ಲ, ಹಾಗಾಗಿ ಆಸ್ಪತ್ರೆಯ ಅಂದಾಜು ಪಟ್ಟಿ ಕೈಸೇರಿದ ದಿನವೇ ಅರ್ಜಿ ಹೋಗಬೇಕು. ಕಾರ್ಡಿಗೆ ಬದಲಾಗಿ ಈ ನಿಧಿಗಳನ್ನು ನಂಬುವುದು ತರವಲ್ಲ, ಕಾರ್ಡು ತುಂಬದ ಭಾಗಕ್ಕೆ ಇವನ್ನು ಬಳಸಬೇಕು. ಬೆನ್ನುಹುರಿಯ ಸ್ನಾಯುಕ್ಷಯದಂಥ ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ ಪ್ರತ್ಯೇಕ ನೆರವಿದ್ದು, ಅದಕ್ಕೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ವಿಚಾರಿಸಬೇಕು.

ಜನರ ಬಳಿ ಕೈಚಾಚುವುದಾದರೆ

ಮಗುವಿಗಾಗಿ ಕೈಚಾಚುವುದರಲ್ಲಿ ಅವಮಾನವಿಲ್ಲ, ಕೊಡಗಿನ ಜನ ಕೊಡುವವರೇ. ಸಮಾಜಗಳು, ಜಮಾಅತ್‌ಗಳು, ಚರ್ಚು, ರೋಟರಿ ಕ್ಲಬ್ಬುಗಳು, ಹಳೆಯ ವಿದ್ಯಾರ್ಥಿ ಸಂಘಗಳು ಕರೆಗೆ ಓಗೊಟ್ಟ ನಿದರ್ಶನಗಳು ಊರೂರಿನಲ್ಲಿವೆ. ಆದರೆ "ಆಪರೇಷನ್ನಿಗೆ ಎಂಟು ಲಕ್ಷ ಬೇಕು" ಎಂದು ಕೇಳುವುದಕ್ಕಿಂತ, ಆಪರೇಷನ್ ಕಾರ್ಡಿನಲ್ಲಿ ಆಗುತ್ತಿದೆ, ಆಸ್ಪತ್ರೆಯ ಬಳಿ ಮೂರು ತಿಂಗಳ ಕೋಣೆ ಬಾಡಿಗೆ, ಊಟ, ಹೊರಗಿನಿಂದ ತರಬೇಕಾದ ಔಷಧ, ತಂದೆಯ ತಪ್ಪಿದ ಕೂಲಿ ಇಷ್ಟಕ್ಕೆ ಇಷ್ಟು ಬೇಕು ಎಂದು ಕೇಳುವುದು ಉತ್ತಮ. ಆಯುಷ್ಮಾನ್ ಯೋಜನೆ ದಾಖಲಾತಿಗೆ ಮೂರು ದಿನ ಮುಂಚಿನ ಮತ್ತು ಬಿಡುಗಡೆಯ ನಂತರದ ಹದಿನೈದು ದಿನದ ಪರೀಕ್ಷೆ, ಔಷಧಗಳನ್ನು ನೋಡಿಕೊಳ್ಳುತ್ತದೆಯೇ ಹೊರತು ವರ್ಷಗಟ್ಟಲೆ ಹೊರರೋಗಿಯಾಗಿ ಬರುವ ಖರ್ಚನ್ನಲ್ಲ. ಮಕ್ಕಳ ಚಿಕಿತ್ಸೆ ನಡುವೆಯೇ ನಿಂತುಹೋಗುವುದು ಹೆಚ್ಚಾಗಿ ಈ ಕಣ್ಣಿಗೆ ಬೀಳದ ಖರ್ಚಿನಿಂದ, ಮತ್ತು ಊರಿನ ನೆರವು ಸರಿಯಾಗಿ ಕೂರುವ ಜಾಗವೂ ಇದೇ.

ಮಿಲಾಪ್, ಕೆಟ್ಟೋ ಮುಂತಾದ ಆನ್‌ಲೈನ್ ವೇದಿಕೆಗಳು ದೂರದವರನ್ನು ತಲುಪುತ್ತವೆ, ಸಂಗ್ರಹವಾದ ಹಣವನ್ನು ನೇರವಾಗಿ ಆಸ್ಪತ್ರೆಯ ಖಾತೆಗೆ ಕಳಿಸುವ ಏರ್ಪಾಡೂ ಅಲ್ಲಿದೆ. ಶುಲ್ಕ ಎಷ್ಟು ಕಡಿತವಾಗುತ್ತದೆ ಎಂಬುದನ್ನು ಮೊದಲೇ ಓದಿಸಿಕೊಂಡು ತಿಳಿಯಬೇಕು, ನಾನು ಮಾಡಿಸಿಕೊಡುತ್ತೇನೆಂದು ಪಾಲು ಕೇಳುವ ಮಧ್ಯವರ್ತಿಯನ್ನು ದೂರವಿಡಬೇಕು. ಮೂಗಿಗೆ ನಳಿಕೆ ಹಾಕಿದ ಮಗುವಿನ ಫೋಟೋವನ್ನು ಹರಿಯಬಿಡಬೇಡಿ ಎಂಬುದು ನನ್ನ ಕಳಕಳಿಯ ಮನವಿ; ಮಗು ಗುಣವಾಗಿ ಶಾಲೆಗೆ ಹೋಗುವ ಕಾಲಕ್ಕೂ ಆ ಚಿತ್ರ ಯಾರದೋ ಮೊಬೈಲಿನಲ್ಲಿ ಉಳಿದಿರುತ್ತದೆ. ವೈದ್ಯರ ಅಂದಾಜು ಪಟ್ಟಿ, ಆಸ್ಪತ್ರೆಯ ಖಾತೆ ಸಂಖ್ಯೆ ಮತ್ತು ಊರಿನ ಒಬ್ಬ ನಂಬಿಕಸ್ಥರ ಹೆಸರಿದ್ದರೆ ಕೊಡುವವರು ಕೊಡುತ್ತಾರೆ.

ಪ್ರಯಾಣದ ಖರ್ಚನ್ನು ತಗ್ಗಿಸುವ ಎರಡು ಸೌಲಭ್ಯಗಳು ಇಲ್ಲಿ ಉಲ್ಲೇಖಾರ್ಹ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ತಾಯಿಗೆ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣ ಕೊಡಬೇಕಿಲ್ಲ, ರಾಜಹಂಸ, ಐರಾವತಗಳಲ್ಲಿ ಮಾತ್ರ ಇದು ನಡೆಯುವುದಿಲ್ಲ. ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ಆಸ್ಪತ್ರೆಯ ನಮೂನೆ ಪತ್ರದ ಮೇಲೆ ರಿಯಾಯಿತಿ ಇದೆ. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆಯೂ ಇದೆ, ಮೊದಲ ದಿನವೇ ಅಲ್ಲಿನ ಸಮಾಜ ಕಾರ್ಯಕರ್ತರಲ್ಲಿ ಕೇಳಿಕೊಳ್ಳಬೇಕು.

ಸಾಲ ಮಾಡಲೇಬೇಕಾದಾಗ

ಇಷ್ಟಾದರೂ ಸಾಲ ತಪ್ಪದ ಕುಟುಂಬಗಳಿವೆ. ಆಗ ಸಾಲಗಳ ನಡುವೆಯೂ ಆಯ್ಕೆಯಿದೆ. ಒಡವೆ ಇದ್ದರೆ ಅಡವಿನ ಅಂಗಡಿಗಿಂತ ಊರಿನ ಕೃಷಿ ಪತ್ತಿನ ಸಹಕಾರ ಸಂಘದ ಅಥವಾ ಬ್ಯಾಂಕಿನ ಚಿನ್ನದ ಸಾಲ ಮೇಲು: ಬಡ್ಡಿ ಕಡಿಮೆ, ರಸೀದಿ ಇರುತ್ತದೆ, ಅವಧಿ ಮೀರಿದರೆ ನೋಟಿಸ್ ಕೊಡದೆ ಹರಾಜು ಹಾಕುವಂತಿಲ್ಲ. ಸ್ವಸಹಾಯ ಸಂಘದ ಒಳಸಾಲ ಅದರ ನಂತರದ್ದು. ಕಿರುಸಾಲ ಕಂಪನಿಗಳ ವಾರದ ಕಂತು ಮಗುವಿನ ಜೊತೆ ಆಸ್ಪತ್ರೆಯಲ್ಲಿರುವ ತಾಯಿಗೆ ತೀರ ಕಷ್ಟದ್ದು, ಏಕೆಂದರೆ ದುಡಿಮೆ ನಿಂತ ವಾರವೂ ಕಂತು ನಿಲ್ಲುವುದಿಲ್ಲ, ಒಂದು ಕಂಪನಿಯ ಕಂತಿಗೆ ಇನ್ನೊಂದರಲ್ಲಿ ಸಾಲ ಮಾಡುವ ಸುಳಿ ಅಲ್ಲಿಂದಲೇ ಆರಂಭ.

ತೋಟದ ಮುಂಗಡ ಎಲ್ಲಕ್ಕಿಂತ ಬೇಗ ಸಿಗುತ್ತದೆ, ಬಡ್ಡಿಯೂ ಇಲ್ಲದಿರಬಹುದು. ಒಳ್ಳೆಯ ಮಾಲೀಕರು ಅದನ್ನು ನೆರವಾಗಿಯೇ ಕೊಡುತ್ತಾರೆ, ರಾತ್ರಿ ಜೀಪು ತೆಗೆದು ಮಗುವನ್ನು ಆಸ್ಪತ್ರೆಗೆ ಮುಟ್ಟಿಸಿದ ಮಾಲೀಕರೂ ಇದ್ದಾರೆ. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ದೊಡ್ಡ ತೋಟಗಳಲ್ಲಿ ಕಾರ್ಮಿಕರ ಮತ್ತು ಅವರ ಕುಟುಂಬದ ವೈದ್ಯಕೀಯ ಸೌಲಭ್ಯ ಮಾಲೀಕರ ಹೊಣೆಯೆಂದೇ ಎಣಿಸಲಾಗಿದೆ, ಆದ್ದರಿಂದ ಮುಂಗಡ ಕೇಳುವ ಮೊದಲು ತೋಟದಿಂದ ವೈದ್ಯಕೀಯ ನೆರವೇನಾದರೂ ಉಂಟೇ ಎಂದು ಕೇಳುವುದು ಕಾರ್ಮಿಕರ ಹಕ್ಕು. ಮುಂಗಡವನ್ನೇ ಪಡೆಯುವುದಾದರೆ ಎಷ್ಟು ಪಡೆದೆವು, ವಾರದ ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಚೀಟಿಯಲ್ಲಿ ಬರೆಸಿ ರೈಟರ ಸಹಿ ಹಾಕಿಸಿಕೊಳ್ಳಬೇಕು, ಹಿಡಿದ ಮೊತ್ತವನ್ನು ಪ್ರತಿ ವಾರ ಅದರ ಹಿಂದೆಯೇ ಗುರುತಿಸಿಕೊಳ್ಳಬೇಕು. ಮುಂಗಡ ತೀರುವವರೆಗೂ ಬೇರೆ ತೋಟಕ್ಕೆ ಹೋಗಕೂಡದು, ಮನೆಮಂದಿಯೆಲ್ಲ ಇಲ್ಲೇ ದುಡಿಯಬೇಕು ಎಂಬ ಷರತ್ತು ಹಾಕಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ವಿರುದ್ಧ. ಅಂಥ ಸಂದರ್ಭದಲ್ಲಿ ಮಡಿಕೇರಿಯ ಉಪವಿಭಾಗಾಧಿಕಾರಿಗಳ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು, ಅರ್ಜಿಗೆ ಶುಲ್ಕವಿಲ್ಲ, ಬರೆಯಲು ಬಾರದವರ ಪರವಾಗಿ ಬೇರೆಯವರೂ ಬರೆದುಕೊಡಬಹುದು.